ಅರ್ಧ ಮನೆ ಕೆಳಗೆ

ಅವನ ಸ್ವರವನ್ನು ನಾನು ಮೊದಲು ಕೇಳಿದ್ದು ಕಡಬದಲ್ಲಿ, ಇಗರ್ಜಿಯ ಅಂಗಳದಲ್ಲಿ ನಡೆಯುತ್ತಿದ್ದ ಒಂದು ಏಲಂನಲ್ಲಿ. ಕೇರಳದ ಕಡೆಯಿಂದ ಬಂದು ಗುಡ್ಡ ಕಡಿದು ರಬ್ಬರು, ಮರಗೆಣಸು ಹಾಕಿದ್ದ ಕ್ರೈಸ್ತರು ವರ್ಷಕ್ಕೊಮ್ಮೆ ಮೊದಲ ಬೆಳೆಯನ್ನು ಇಗರ್ಜಿಗೆ ಒಪ್ಪಿಸಿ, ಪ್ರಾರ್ಥನೆ ಮುಗಿದ ಮೇಲೆ ಅಲ್ಲಿಯೇ ಏಲಂ ಹಾಕುತ್ತಿದ್ದರು. ಬಾಳೆಗೊನೆ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಕೋಳಿ. ನಾನು ಹೋದದ್ದು ಬೇರೆ ಕೆಲಸಕ್ಕೆ. ಅಲ್ಲೊಂದು ಹಳೆಯ ಹಾರ್ಮೋನಿಯಂ ಮಾರಲಿಕ್ಕೆ ಉಂಟು ಅಂತ ಯಾರೋ ಹೇಳಿದ್ದರು. ಹೋಗಿ ನೋಡಿದರೆ ಅದಕ್ಕೆ ಗೆದ್ದಲು ಹಿಡಿದಿತ್ತು. ಹಿಂದೆ ಹೊರಟವನು ಆ ಸ್ವರ ಕೇಳಿ ನಿಂತೆ.

"ಒಂದು ಸಾರಿ, ಎರಡು ಸಾರಿ" ಎಂದು ಕನ್ನಡದಲ್ಲಿ ಕೂಗಿ, ಅದನ್ನೇ ತುಳುವಿನಲ್ಲಿ ಕೂಗಿ, ಮತ್ತೆ ಮಲೆಯಾಳದಲ್ಲಿ ಎಳೆಯುತ್ತಿದ್ದ. ಮೂರನೆಯ ಸಾರಿಗೆ ಮೊದಲು ಉಸಿರು ತುಂಬಿ ಸ್ವರವನ್ನು ಮೇಲಕ್ಕೆ ಎತ್ತಿ ನಿಲ್ಲಿಸಿಬಿಡುತ್ತಿದ್ದ. ಕೋಳಿಗೆ ಅಷ್ಟು ಬೆಲೆ ಇಲ್ಲ ಎಂದು ತಿಳಿದವರೂ ಆ ಸ್ವರ ಇಳಿಯುವ ಮೊದಲು ಇನ್ನೊಂದು ಮಾತು ಹೇಳಿಬಿಡುತ್ತಿದ್ದರು. ವಿಚಾರಿಸಿದಾಗ ಗೊತ್ತಾಯಿತು, ಅವನು ಆ ಇಗರ್ಜಿಯವನಲ್ಲ. ಹೊಳೆಯಾಚೆ ಕಾಣಿಯೂರಿನಿಂದ ಎರಡು ಮೈಲಿ ಒಳಗಿನ ಒಂದು ಬೇಸಾಯದ ಮನೆಯವನು, ಮನೆಯಲ್ಲಿ ಅರೆಭಾಷೆ ಮಾತಾಡುವವನು. ಸ್ವರ ದೊಡ್ಡದು ಎಂದು ಊರೂರಿನವರು ಏಲಂ ಕೂಗಲಿಕ್ಕೆ ಕರೆಯುತ್ತಿದ್ದರು.

ನಾನು ಅಂದು ಸುಮ್ಮನೆ ಬಸ್ಸು ಹತ್ತಿ ಹೋಗಿದ್ದರೆ ಅವನು ಇನ್ನಷ್ಟು ವರ್ಷ ಹಾಗೆಯೇ ಏಲಂ ಕೂಗಿಕೊಂಡು ಇರುತ್ತಿದ್ದನೋ ಏನೋ. ನಾನು ನಿಂತೆ. ಏಲಂ ಮುಗಿಯುವವರೆಗೂ ನಿಂತು, ಹತ್ತಿರ ಹೋಗಿ ಕೇಳಿದೆ.

"ನಾಟಕದಲ್ಲಿ ಹಾಡ್ತೀರಾ?"

"ನನಗೆ ಸಂಗೀತ ಗೊತ್ತಿಲ್ಲ ಮಾಸ್ಟ್ರೆ," ಅಂದ. ನನ್ನ ಕೊಡೆ, ಚೀಲ, ಮೊಣಕಾಲಿನ ಮೇಲಿನ ಸೀಮೆಸುಣ್ಣದ ಗುರುತು ನೋಡಿಯೇ ನಾನು ಮಾಸ್ಟ್ರು ಎಂದು ತಿಳಿದಿದ್ದ.

"ನನಗೆ ಗೊತ್ತುಂಟು. ನೀವು ಸ್ವರ ತಂದರೆ ಸಾಕು."

ನಾನು ಆಗ ಕುಂಬ್ರದ ಶಾಲೆಯಲ್ಲಿ ಮಾಸ್ಟ್ರು. ಮದರಾಸು ಸರಕಾರ ಹೋಗಿ ಮೈಸೂರು ರಾಜ್ಯ ಬಂದ ಹೊಸತು. ವಾರವಿಡೀ ಮಗ್ಗಿ, ಕಾಗುಣಿತ; ಭಾನುವಾರ ಪುತ್ತೂರಿನಲ್ಲಿ ನಾಟಕದ ಅಭ್ಯಾಸ. ಅಲ್ಲಿ ಪೇಟೆಯ ಒಂದು ಅಂಗಡಿಯ ಮಾಳಿಗೆಯಲ್ಲಿ ನಮ್ಮದೊಂದು ಹವ್ಯಾಸಿ ಸಂಘ ಇತ್ತು. ಒಬ್ಬರು ವಕೀಲರ ಗುಮಾಸ್ತರು ನಾಟಕ ಬರೆಯುತ್ತಿದ್ದರು, ಪದಗಳನ್ನೂ ಅವರೇ ಬರೆಯುತ್ತಿದ್ದರು. ಆ ಪದಗಳಿಗೆ ಮಟ್ಟು ಹಾಕಿ, ಕಾಲು ಹಾರ್ಮೋನಿಯಂ ಮುಂದೆ ಕೂತು ಎಲ್ಲರಿಗೂ ಕಲಿಸುವುದು ನನ್ನ ಕೆಲಸ. ಆ ಕಾಲದಲ್ಲಿ ಹೆಚ್ಚಿನ ಸಂಘಗಳು ಹಿಂದಿ ಸಿನೆಮಾದ ಮಟ್ಟುಗಳಿಗೆ ಕನ್ನಡ ಶಬ್ದ ತುಂಬಿ ಹಾಡುತ್ತಿದ್ದವು. ನಾನು ಹಾಗೆ ಮಾಡಲಾರೆ ಎಂದು ಹಟ ಹಿಡಿದಿದ್ದೆ. ಹಟ ಇತ್ತು, ಮಟ್ಟು ಇತ್ತು. ಹಾಡುವವರು ಇರಲಿಲ್ಲ.

ನನಗೆ ವಿದ್ಯೆ ಕೊಟ್ಟವರು ಘಟ್ಟದ ಮೇಲಿನ ಒಂದು ಮುರಿದುಹೋದ ನಾಟಕ ಕಂಪೆನಿಯ ಹಾರ್ಮೋನಿಯಂ ಮಾಸ್ಟ್ರು. ಕಂಪೆನಿ ಪುತ್ತೂರಿನಲ್ಲಿ ಡೇರೆ ಬಿಚ್ಚಿದಾಗ ಅವರು ಇಲ್ಲಿಯೇ ಉಳಿದುಬಿಟ್ಟಿದ್ದರು. ಬೆರಳು ಕಲಿಸಿದ್ದಕ್ಕಿಂತ ಹೆಚ್ಚು ಅವರು ನನಗೆ ಕಿವಿ ಕಲಿಸಿದರು. ನಟರ ಸ್ವರವನ್ನು ಕಾಯುವುದು ಹೇಗೆ ಎಂದು ಹೇಳುತ್ತಿದ್ದರು. ಅವರ ಒಂದು ಮಾತು ನಾನು ಮರೆತದ್ದಿಲ್ಲ. "ದಣಿದ ಸ್ವರ ಹದಿನೈದು ದಿನ ಸುಮ್ಮನಿದ್ದರೆ ತಿರುಗಿ ಬರುತ್ತದೆ. ಬಾರದಿದ್ದರೆ ಅದು ದಣಿವಲ್ಲ. ಆಮೇಲೆ ಅದು ನಿನ್ನ ಕೆಲಸವೂ ಅಲ್ಲ, ಡಾಕ್ಟರ ಕೆಲಸ."

ಮರೆತಿದ್ದರೆ ಈಗ ನನಗೆ ಹೇಳಿಕೊಳ್ಳಲಿಕ್ಕೆ ಒಂದು ನೆಪವಾದರೂ ಇರುತ್ತಿತ್ತು.

ಅವನು ಬಂದ. ಭಾನುವಾರ ಬೆಳಿಗ್ಗೆ ಮನೆಯಿಂದ ನಡೆದು, ಬಸ್ಸು ಹಿಡಿದು ಪುತ್ತೂರಿಗೆ ಮುಟ್ಟುವಾಗ ಹನ್ನೊಂದು ಗಂಟೆ. ನನಗಿಂತ ಆರು ವರ್ಷಕ್ಕೆ ಸಣ್ಣವ. ಎರಡು ತಿಂಗಳಲ್ಲಿ ನಾನು ಅವನಿಗೆ 'ನೀವು' ಬಿಟ್ಟು ಮಾರಾಯ ಎನ್ನುವಷ್ಟು ಹತ್ತಿರವಾದೆವು. ಅವನು ಮಾತ್ರ ಕೊನೆಯವರೆಗೂ ನನ್ನನ್ನು ನೀವು, ಮಾಸ್ಟ್ರೆ ಎಂದೇ ಕರೆದ.

ಹಾರ್ಮೋನಿಯಂನ ಬಿಳಿ ಪಟ್ಟಿ, ಕಪ್ಪು ಪಟ್ಟಿಗಳಿಗೆ ನಾವು ಮನೆ ಎನ್ನುತ್ತೇವೆ. ಹಾಡುವವನ ಶ್ರುತಿ ಎಷ್ಟು ಎಂದು ಹೇಳುವುದೂ ಆ ಮನೆಗಳ ಲೆಕ್ಕದಲ್ಲಿಯೇ. ಕಪ್ಪಾಗಲಿ ಬಿಳಿಯಾಗಲಿ, ತೀರ ಪಕ್ಕದ ಪಟ್ಟಿಗೆ ಸರಿದರೆ ಅದು ಅರ್ಧ ಸ್ವರದ ಅಂತರ; ಅದಕ್ಕೆ ಅರ್ಧ ಮನೆ ಎನ್ನುತ್ತೇವೆ. ಅವನದು ಬಿಳಿ ನಾಲ್ಕು. ಗಂಡಸಿಗೆ ಅದು ಎತ್ತರದ ಶ್ರುತಿ. ಅಲ್ಲಿಂದ ಹೊರಟು ಮೇಲಿನ ಷಡ್ಜ ಮುಟ್ಟಿ ನಿಲ್ಲುವಾಗ ಮಾಳಿಗೆಯ ಕೆಳಗಿನ ಅಂಗಡಿಯಲ್ಲಿ ಬೆಲ್ಲ ತೂಗುವವ ತಕ್ಕಡಿ ಹಿಡಿದುಕೊಂಡು ನಿಲ್ಲುತ್ತಿದ್ದ. ಮೈಕ ಇನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಸಾವಿರ ಜನರ ಕೊನೆಯ ಸಾಲಿಗೆ ಅವನ ಶಬ್ದ ಒಂದೊಂದೂ ಬಿಡಿಸಿ ಕೇಳುತ್ತಿತ್ತು.

ಅವನು ರಾಜನಾಗಿ ಹಾಡಿದ ಮೊದಲ ನಾಟಕವನ್ನು ಪುತ್ತೂರಿನಲ್ಲಿಯೇ ನಾಲ್ಕು ಸಾರಿ ಆಡಬೇಕಾಯಿತು. ಮರುವರ್ಷ ಸುಳ್ಯ, ಬಂಟ್ವಾಳ, ಮಡಿಕೇರಿ. ಕರಪತ್ರದಲ್ಲಿ ನನ್ನ ಹೆಸರು ಮೊದಲು ಕೊನೆಯ ಸಾಲಿನಲ್ಲಿ ಇರುತ್ತಿತ್ತು. ಅದು ಮೇಲೇರಿ ನಾಟಕ ಬರೆದವರ ಹೆಸರಿನ ಪಕ್ಕಕ್ಕೆ ಬಂತು. ಬೇರೆ ಸಂಘದವರು ಪದಗಳ ಹಾಳೆ ಹಿಡಿದುಕೊಂಡು ಕುಂಬ್ರದ ಶಾಲೆಗೆ ಬರತೊಡಗಿದರು. "ಮಟ್ಟು ನಿಮ್ಮದೇ ಆಗಬೇಕು" ಎನ್ನುತ್ತಿದ್ದರು. ನಾನು ಬರೆದ ಮಟ್ಟುಗಳನ್ನು ಬಸ್ಸಿನಲ್ಲಿ ಯಾರೋ ಗುನುಗುವುದು ಕೇಳಿ, ಇಳಿಯುವ ಜಾಗ ದಾಟಿ ಹೋದದ್ದೂ ಉಂಟು. ನಾಲ್ಕು ವರ್ಷ ಹೀಗೆ ಸುಖವಾಗಿ ಹೋಯಿತು.

ಐದನೆಯ ವರ್ಷದ ಮಾಘದಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಅವನು ಹಳೆಯ ಪದವನ್ನೇ ಹಾಡುತ್ತಿದ್ದ. ಮೇಲಿನ ಷಡ್ಜ ಮುಟ್ಟಿದ, ನಿಂತ. ಎಲ್ಲರೂ ಯಾವಾಗಿನ ಹಾಗೆ ತಲೆದೂಗಿದರು. ನನಗೆ ಮಾತ್ರ ಆ ಸ್ವರದ ಅಂಚಿನಲ್ಲಿ ಗಾಳಿ ಸೋರಿದ್ದು ಕೇಳಿತು. ಹಾರ್ಮೋನಿಯಂನ ತಿದಿಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಹೇಗೆ ಕೇಳುತ್ತದೋ ಹಾಗೆ.

"ಎಂತ, ಶೀತವಾ?" ಎಂದು ಕೇಳಿದೆ.

"ಹೌದು ಮಾಸ್ಟ್ರೆ. ಒಂದು ವಾರದಿಂದ ಉಂಟು."

ಮುಂದಿನ ಭಾನುವಾರವೂ ಅದು ಇತ್ತು. ಅದರ ಮುಂದಿನ ವಾರವೂ. ನಾನು ಏನೂ ಹೇಳದೆ ಬಿಳಿ ನಾಲ್ಕು ಬಿಟ್ಟು ಬಿಳಿ ಮೂರರಲ್ಲಿ ಶ್ರುತಿ ಹಿಡಿದೆ. ಅರ್ಧ ಮನೆ ಕೆಳಗೆ, ಅಷ್ಟೆ. ಅವನು ಹಾಡಲು ಬಾಯಿ ತೆರೆದವನು ಒಂದು ಕ್ಷಣ ತಡೆದ. ಹಾರ್ಮೋನಿಯಂ ಕಡೆ ನೋಡಿದ. ನಾನು ಮುಖ ಎತ್ತಲಿಲ್ಲ. ಅವನು ಹಾಡಿದ. ಷಡ್ಜ ಶುದ್ಧವಾಗಿ ಬಂತು. ನನಗೆ ಸಮಾಧಾನವಾಯಿತು. ಅಂತಹ ಸಮಾಧಾನ ಎಷ್ಟು ಕೆಟ್ಟದ್ದು ಎಂದು ಆಗ ತಿಳಿಯಲಿಲ್ಲ.

ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ನಮ್ಮಲ್ಲಿ ಆಟ, ನಾಟಕ ಎಲ್ಲ ನಿಲ್ಲುತ್ತದೆ. ಮಳೆಗಾಲ ಕಳೆದು ದೀಪಾವಳಿಯ ಮೇಲೆಯೇ ಮತ್ತೆ ಶುರು. ಆ ವರ್ಷ ಅಷ್ಟೂ ತಿಂಗಳು ಅವನು ಹಾಡಲಿಲ್ಲ. ಏಲಂ ಕೂಗಲಿಕ್ಕೂ ಹೋಗಬೇಡ ಎಂದು ಹೇಳಿದ್ದೆ, ಹೋಗಲಿಲ್ಲ. ನಾನು ಮಾತ್ರ ದಿನ ಎಣಿಸುತ್ತಿದ್ದೆ. ಹದಿನೈದು ದಿನ ಸಾಕು ಎಂದಿದ್ದರು ನನ್ನ ಗುರುಗಳು. ಇಲ್ಲಿ ಐದು ತಿಂಗಳು ಸಿಕ್ಕಿತ್ತು. ದೀಪಾವಳಿ ಕಳೆದ ಮೊದಲ ಭಾನುವಾರ ಅವನು ಮಾಳಿಗೆಯ ಮೆಟ್ಟಿಲು ಹತ್ತುತ್ತಾ ಕೆಳಗಿನ ಅಂಗಡಿಯವನ ಹತ್ತಿರ ಏನೋ ಮಾತಾಡಿದ. ನಾನು ಹಾರ್ಮೋನಿಯಂನ ಮುಚ್ಚಳ ತೆಗೆಯುತ್ತಿದ್ದವನು ಅಲ್ಲಿಗೇ ಕೈ ನಿಲ್ಲಿಸಿದೆ. ಹಾಡುವುದೇ ಬೇಕಾಗಿರಲಿಲ್ಲ. ಮಾತಿನಲ್ಲಿಯೇ ಕೇಳುತ್ತಿತ್ತು. ಸ್ವರ ತಿರುಗಿ ಬಂದಿರಲಿಲ್ಲ. ಇನ್ನೂ ಇಳಿದಿತ್ತು.

ಅಂದು ನಾನು ಕಪ್ಪು ಎರಡರಲ್ಲಿ ಶ್ರುತಿ ಹಿಡಿದೆ. ಅದು ಮತ್ತೆ ಅರ್ಧ ಮನೆ.

ಹೇಳಬೇಕಾಗಿದ್ದ ದಿನ ಅದು. ಹೇಳಲಿಲ್ಲ. ಮಂಗಳೂರಿನ ದೊಡ್ಡ ರಂಗಮಂದಿರವೊಂದರಲ್ಲಿ ಫಾಲ್ಗುಣಕ್ಕೆ ನಮ್ಮ ನಾಟಕ ನಿಶ್ಚಯವಾಗಿತ್ತು. ಡಾಕ್ಟರು ಹಾಡಬಾರದು ಅಂದರೆ ಅದು ಅಲ್ಲಿಗೇ ಮುಗಿಯಿತು. ಮಂಗಳೂರು ಒಂದು ಕಳೆಯಲಿ, ಆಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಮಂಗಳೂರು ಕಳೆಯಿತು. ಆಮೇಲೆ ಉಡುಪಿ ಬಂತು.

ಆ ಎರಡನೆಯ ವರ್ಷದ ನಡುವೆ ಒಂದು ದಿನ ಅವನ ಹೆಂಡತಿ ಕುಂಬ್ರದ ಶಾಲೆಗೆ ಬಂದರು. ಮಧ್ಯಾಹ್ನದ ಬಿಡುವು. ಮಕ್ಕಳು ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದವು. ಆಕೆ ಗಂಡನಿಗೆ ಹೇಳದೆ ಬಂದಿದ್ದರು. ಯಾರೋ ನೆಂಟರ ಮನೆಗೆ ಹೋಗುವ ನೆಪ. ಜಗಲಿಯಲ್ಲಿ ಕೂರಲಿಲ್ಲ, ಕಂಬ ಹಿಡಿದುಕೊಂಡೇ ನಿಂತರು.

"ಮಾಸ್ಟ್ರೆ, ಒಂದು ಮಾತು ಕೇಳ್ಲಿಕ್ಕೆ ಬಂದದ್ದು. ಇವರ ಗಂಟಲು ನೋಡಿದ್ರಾ? ನಾನು ಕರಿಮೆಣಸಿನ ಕಷಾಯ ಕೊಟ್ಟೆ, ಜ್ಯೇಷ್ಠಮಧು ಕೊಟ್ಟೆ, ಪಂಡಿತರ ಲೇಹ ಆಯ್ತು. ಕಡಿಮೆ ಇಲ್ಲ. ಈಗ ನುಂಗುವಾಗ ಕಿವಿ ನೋಯ್ತದೆ ಅಂತಾರೆ. ಗಂಟಲಿಗೂ ಕಿವಿಗೂ ಎಂತ ಸಂಬಂಧ?"

ನಾನು ಕೈಯ ಸೀಮೆಸುಣ್ಣ ಒರೆಸಿಕೊಂಡೆ.

"ಅವರ ಸ್ವರ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನಿಮ್ಮ ಕಿವಿಗೆ ಏನಾದರೂ ಗೊತ್ತಾಗ್ತದಾ? ಗೊತ್ತಾದರೆ ಹೇಳಿ. ಮಂಗಳೂರಿಗೆ ಕರ್ಕೊಂಡು ಹೋಗುದು ನಾನು ನೋಡ್ತೇನೆ."

ಆ ತಿಂಗಳು ನಾನು ಹೊಸ ನಾಟಕದ ಕೆಲಸದಲ್ಲಿ ಮುಳುಗಿದ್ದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಮಟ್ಟು ಅರ್ಧಕ್ಕೆ ಬಂದು ನಿಂತಿತ್ತು. ಆ ಮಟ್ಟು ಅವನ ಸ್ವರದ ಮೇಲೆಯೇ, ಆಗಿನ ಆ ಇಳಿದ ಸ್ವರದ ಮೇಲೆಯೇ ಕಟ್ಟಿದ್ದು.

"ವಯಸ್ಸಾಗ್ತಾ ಬಂದ ಹಾಗೆ ಸ್ವರ ದಪ್ಪ ಆಗುದು ಉಂಟಮ್ಮಾ," ಅಂದೆ. "ಎಲ್ಲರಿಗೂ ಆಗ್ತದೆ. ಹೆದರುವಂತದ್ದು ಏನಿಲ್ಲ."

ಆಕೆಯ ಮುಖ ಸಡಿಲವಾಯಿತು. "ನೀವು ಹೇಳಿದ ಮೇಲೆ ಆಯ್ತು," ಎಂದು ಹೊರಟರು. ಒಂದೂವರೆಯ ಬಸ್ಸಿಗೆ ಅಡ್ಡ ಕೈ ಹಿಡಿದು ಹತ್ತುವುದನ್ನು ನಾನು ಜಗಲಿಯಿಂದ ನೋಡಿದೆ. ಗಂಟೆ ಹೊಡೆಯಿತು. ಒಳಗೆ ಹೋಗಿ ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಟ್ಟೆ.

ಆ ಹೊಸ ನಾಟಕ ಒಬ್ಬ ಅಂಬಿಗನದು. ಕುಮಾರಧಾರೆಯಂತಹ ಒಂದು ಹೊಳೆಯಲ್ಲಿ ದೋಣಿ ಹಾಕುವ ಮುದುಕ. ನೆರೆಯ ದಿನ ಪರರನ್ನು ದಾಟಿಸಲು ಹೋಗಿ ಸ್ವಂತ ಮಗನನ್ನು ನೀರಿಗೆ ಬಿಟ್ಟುಕೊಟ್ಟವನು. ಕೊನೆಯಲ್ಲಿ ಅವನು ಬರಿಯ ದೋಣಿಯಲ್ಲಿ ಕೂತು ಮಗನನ್ನು ಕರೆಯುವ ಒಂದು ಪದ. ಗುಮಾಸ್ತರು ಆ ಪದ ತಂದುಕೊಟ್ಟಾಗ ನಾನು ಅದನ್ನು ಬಿಳಿ ನಾಲ್ಕಿನಲ್ಲಿ ಹಾಡುವ ಹಿಂದಿನ ಅವನಿಗಾಗಿ ಯೋಚಿಸಿ ನೋಡಿದೆ. ಚೆನ್ನಾಗಿತ್ತು, ಆದರೆ ಬರಿಯ ಹಾಡಾಗಿತ್ತು. ಆಮೇಲೆ ಈಗಿನ ಸ್ವರದಲ್ಲಿ ಯೋಚಿಸಿದೆ.

ನಾನು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವನ ಸ್ವರ ಎಲ್ಲೆಲ್ಲಿ ಒಡೆಯುತ್ತದೆ ಎಂದು ನನಗೆ ಬಾಯಿಪಾಠವಾಗಿತ್ತು. ಮಧ್ಯಮದ ಮೇಲೆ ಹೋದರೆ ಗಾಳಿ, ಮಂದ್ರದಲ್ಲಿ ಒಂದು ಗೊರಗೊರ ಸದ್ದು, ಉದ್ದ ಎಳೆದರೆ ನಡುವೆ ಎರಡು ಕಡೆ ಕಡಿಯುವುದು. ಮಗನನ್ನು ಕರೆಯುವ ಶಬ್ದವನ್ನು ಸರಿಯಾಗಿ ಆ ಕಡಿಯುವ ಜಾಗಕ್ಕೇ ಇಟ್ಟೆ. ಕಡಿದಾಗ ತುಂಬುವುದಕ್ಕೆ ಹಾರ್ಮೋನಿಯಂನ ಒಂದೇ ಒಂದು ಸ್ವರ. ಜೋಗಿಯಾ ರಾಗದ ನೆರಳು, ಒಟ್ಟು ಐದೇ ಮನೆಗಳ ಓಡಾಟ, ಶ್ರುತಿ ಬಿಳಿ ಎರಡು. ಇನ್ನೊಂದು ಮಾತು. ಆ ಹೊತ್ತಿಗೆ ನನಗೆ ಆ ಒಡೆದ ಸ್ವರವೇ ಹೆಚ್ಚು ಇಷ್ಟವಾಗತೊಡಗಿತ್ತು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಷ್ಟರಲ್ಲಿ ಮೈಕವೂ ಬಂತು. ಪುತ್ತೂರಿನಲ್ಲಿ ಒಬ್ಬರು ಬಾಡಿಗೆಗೆ ಸೆಟ್ಟು ಇಟ್ಟರು. ಅದಿಲ್ಲದಿದ್ದರೆ ಅವನ ಸ್ವರ ಮೂರನೆಯ ಸಾಲು ದಾಟುತ್ತಿರಲಿಲ್ಲ, ಎಲ್ಲರಿಗೂ ಗೊತ್ತಾಗುತ್ತಿತ್ತು, ಯಾರಾದರೊಬ್ಬರು ಕೇಳುತ್ತಿದ್ದರು. ಮೈಕ ಅದನ್ನು ಮುಚ್ಚಿತು. ಆ ಗೊರಗೊರ, ಆ ಉಸಿರು, ಎಲ್ಲ ದೊಡ್ಡದಾಗಿ, ಪಕ್ಕದಲ್ಲಿಯೇ ಕೂತು ಯಾರೋ ಅಳುವ ಹಾಗೆ ಕೊನೆಯ ಸಾಲಿನವರೆಗೂ ಹೋಯಿತು.

ಅಂಬಿಗನ ನಾಟಕ ನಮ್ಮ ಹಿಂದಿನ ಎಲ್ಲ ನಾಟಕಗಳನ್ನೂ ನುಂಗಿಹಾಕಿತು. ಒಂದು ವರ್ಷದಲ್ಲಿ ಎಷ್ಟು ಊರಾಯಿತೋ ಲೆಕ್ಕ ಇಟ್ಟವರಿಲ್ಲ. ಆ ಪದ ಮುಗಿದಾಗ ಚಪ್ಪಾಳೆ ಇರುತ್ತಿರಲಿಲ್ಲ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಗಂಡಸರು ಚಪ್ಪಲಿ ಹುಡುಕುವ ಹಾಗೆ ತಲೆ ತಗ್ಗಿಸುತ್ತಿದ್ದರು. ನನಗೆ ಶಾಲು ಹೊದೆಸಿದರು. ಘಟ್ಟದ ಮೇಲಿನ ಒಂದು ಕಂಪೆನಿಯ ಮ್ಯಾನೇಜರು ಕಾರಿನಲ್ಲಿ ಬಂದು, "ಎರಡು ವರ್ಷ ನಮ್ಮೊಡನೆ ಇದ್ದುಬಿಡಿ, ಸಂಗೀತ ಪೂರ್ತಿ ನಿಮಗೇ ಬಿಟ್ಟದ್ದು" ಅಂದರು. ನನ್ನ ಎದುರೇ ಒಬ್ಬರು ಅವನ ಬೆನ್ನು ತಟ್ಟಿ, "ಇಷ್ಟು ದುಃಖ ಎಲ್ಲಿಂದ ತರ್ತೀಯ ಮಾರಾಯ?" ಎಂದು ಕೇಳಿದರು.

"ಅದು ಮಾಸ್ಟ್ರದ್ದು," ಅಂದ ಅವನು. ಹಾಗೆ ಹೇಳುವಾಗಲೇ ಕೆಮ್ಮು ಬಂತು. ಹೆಗಲಿನ ಬೈರಾಸನ್ನು ಬಾಯಿಗೆ ಹಿಡಿದುಕೊಂಡ. ಮತ್ತೆ ಅದನ್ನು ಮಡಚಿ, ಇನ್ನೊಮ್ಮೆ ಮಡಚಿ, ಒಳಮಗ್ಗುಲು ಯಾರಿಗೂ ಕಾಣದ ಹಾಗೆ ಕಂಕುಳಲ್ಲಿ ಇಟ್ಟುಕೊಂಡ. ಆ ಮಡಚುವುದನ್ನು ನಾನು ನೋಡಿದೆ. ಅವನ ಅಂಬಿಗನ ವೇಷದ ಅಂಗಿಯನ್ನು ಆ ವರ್ಷ ಎರಡು ಸಾರಿ ಹಿಡಿಸಿ ಹೊಲಿಸಬೇಕಾಗಿತ್ತು. ಅಷ್ಟು ಇಳಿದುಹೋಗಿದ್ದ.

ಮುಂದಿನ ಸಲದ ನಾಟಕಕ್ಕೆ ಶ್ರುತಿ ಕಪ್ಪು ಒಂದು.

ಸುಳ್ಯದಲ್ಲಿ ನಡೆದದ್ದು ಅವನ ಕೊನೆಯ ನಾಟಕ. ಅವನ ಹೆಂಡತಿ, ನೆಂಟರು, ಅವನ ಕಡೆಯ ಜನ ತುಂಬ ಬಂದಿದ್ದರು. ಅಂಬಿಗ ದೋಣಿಯಲ್ಲಿ ಕೂತ. ನಾನು ಶ್ರುತಿ ಕೊಟ್ಟೆ. ಅವನು ಬಾಯಿ ತೆರೆದ. ಸ್ವರ ಬರಲಿಲ್ಲ. ಮೈಕದಲ್ಲಿ ಬಂದದ್ದು ಬರಿಯ ಉಸಿರು, ಒಳಗೆ ಹೋಗುವಾಗ ಸಣ್ಣಗೆ ಸಿಳ್ಳೆಯ ಹಾಗೆ ಶಬ್ದ ಮಾಡಿಕೊಂಡು. ಮತ್ತೊಮ್ಮೆ ಬಾಯಿ ತೆರೆದ. ಅದೇ. ಕತ್ತಿನ ನರ ಉಬ್ಬಿದ್ದು ನನಗೆ ಪಕ್ಕದಿಂದ ಕಾಣುತ್ತಿತ್ತು.

ಜನ ಅದನ್ನು ನಾಟಕ ಎಂದುಕೊಂಡರು. ಮಗನನ್ನು ಕಳೆದುಕೊಂಡವನಿಗೆ ಹಾಡಲಿಕ್ಕೂ ಆಗುವುದಿಲ್ಲ ಎಂದು ತಿಳಿದರು. ಸಭೆಯಲ್ಲಿ ಬಿಕ್ಕುವುದು ಕೇಳಿತು. ಅವನು ನನ್ನ ಕಡೆ ತಿರುಗಿ ನೋಡಿದ. ನನ್ನ ಕೈ ತಾನಾಗಿ ಹಾರ್ಮೋನಿಯಂ ಮೇಲೆ ಓಡಿತು. ಪದದ ಅಷ್ಟೂ ಮಟ್ಟನ್ನು ನಾನು ಒಬ್ಬನೇ ನುಡಿಸಿ ಮುಗಿಸಿದೆ. ಅವನು ಬಾಯಿ ಆಡಿಸುತ್ತಾ ಕೂತಿದ್ದ. ಪರದೆ ಬಿದ್ದಾಗ ಜನ ಎದ್ದು ನಿಂತಿದ್ದರು. ಎದುರು ಸಾಲಿನಲ್ಲಿ ಒಬ್ಬರು ಮಾತ್ರ ಅಳುತ್ತಿರಲಿಲ್ಲ. ಅವನ ಹೆಂಡತಿ. ಅವರು ವೇದಿಕೆಯನ್ನಲ್ಲ, ನನ್ನನ್ನು ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು, ಇನ್ನೊಂದು ಪುಟ್ಟ ಕನ್ನಡಿಯನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ ಅವನ ಗಂಟಲೊಳಗೆ ಇಟ್ಟು ತುಂಬ ಹೊತ್ತು ನೋಡಿದರು. ಕತ್ತಿನ ಎರಡೂ ಬದಿ ಒತ್ತಿ ನೋಡಿದರು.

"ಸ್ವರ ಕೆಟ್ಟು ಎಷ್ಟು ಸಮಯ ಆಯ್ತು?"

ಅವನು ಆರು ಎಂದು ಬೆರಳು ತೋರಿಸಿ, "ತಿಂಗಳು" ಎಂದು ಪಿಸುಗುಟ್ಟಿದ.

"ಮೂರು ವರ್ಷ," ಅಂದೆ ನಾನು.

ಡಾಕ್ಟರು ನನ್ನ ಕಡೆ ನೋಡಿದರು. "ನೀವು ಯಾರು?"

"ಹಾರ್ಮೋನಿಯಂ ನುಡಿಸುವವ. ಮೂರು ವರ್ಷದ ಹಿಂದೆ ಮಾಘದಲ್ಲಿ ಶುರುವಾದದ್ದು. ಅಂದಿನಿಂದ ನಾಲ್ಕು ಸಾರಿ ಶ್ರುತಿ ಇಳಿಸಿದ್ದೇನೆ."

ಅವರು ಕಾಗದದಲ್ಲಿ ಏನೋ ಬರೆದರು. ಬರೆದು ಮುಗಿಸಿ ಲೇಖನಿಯ ಮುಚ್ಚಳ ತಿರುಗಿಸುತ್ತಾ, "ಅಷ್ಟು ಸ್ಪಷ್ಟವಾಗಿ ಗೊತ್ತಿತ್ತಾ?" ಎಂದು ಕೇಳಿದರು. ಉತ್ತರಕ್ಕಾಗಿ ಕೇಳಿದ್ದಲ್ಲ.

ಬಸ್ಸಿನಲ್ಲಿ ಹಿಂದೆ ಬರುವಾಗ ಅವನು ಕಿಟಕಿಯ ಹತ್ತಿರ ಕೂತಿದ್ದ. ಬಂಟ್ವಾಳ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದ. ಬಸ್ಸಿನ ಸದ್ದಿನಲ್ಲಿ ಕಷ್ಟಪಟ್ಟು ಕೇಳಿದ್ದು ಇಷ್ಟು:

"ನೀವು ಮೊದಲ ಸಾರಿ ಇಳಿಸಿದ್ದು ನನಗೆ ಗೊತ್ತಾಗಿತ್ತು ಮಾಸ್ಟ್ರೆ. ಎಲ್ಲ ಸಾರಿಯೂ ಗೊತ್ತಾಗಿತ್ತು. ದೊಡ್ಡದು ಏನಾದರೂ ಆಗಿದ್ದರೆ ನೀವು ಹೇಳ್ತಿದ್ರಿ ಅಂತ ನಾನು ಸುಮ್ಮನಿದ್ದೆ."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮದರಾಸಿನಲ್ಲಿ ಆಪರೇಶನ್ ಆಯಿತು. ಸ್ವರಪೆಟ್ಟಿಗೆಯನ್ನೇ ತೆಗೆದರು. ಕತ್ತಿನ ಕುಳಿಯಲ್ಲಿ ಒಂದು ತೂತು, ಅದಕ್ಕೆ ಒಂದು ಬೆಳ್ಳಿಯ ಕೊಳವೆ, ಮೇಲೊಂದು ತೆಳ್ಳಗಿನ ಬಟ್ಟೆ. ಊರಿಗೆ ಬಂದವನನ್ನು ನೋಡಲು ನಾನು ಕಾಣಿಯೂರಿಗೆ ಹೋದೆ. ಅವನು ಮಲಗಿದ್ದ. ಹೆಂಡತಿ ನನಗೆ ಕಾಫಿ ತಂದಿಟ್ಟು, ಬಾಗಿಲ ಹತ್ತಿರ ನಿಂತು ಕೇಳಿದರು.

"ನಾನು ಕುಂಬ್ರಕ್ಕೆ ಬಂದು ಕೇಳಿದ ದಿನ ನಿಮಗೆ ಗೊತ್ತಿತ್ತಾ ಮಾಸ್ಟ್ರೆ?"

"ಗೊತ್ತಿತ್ತು," ಅಂದೆ.

ಅವರು ತಲೆಯಾಡಿಸಿದರು. ಒಳಗೆ ಹೋದರು. ನಾನು ಕಾಫಿ ಕುಡಿಯಬೇಕೋ ಬೇಡವೋ ಎಂದು ತಿಳಿಯದೆ ಕೂತೆ. ಕೊನೆಗೆ ಕುಡಿದೆ. ಆಮೇಲೆ ಆ ಮನೆಗೆ ಹೋದಾಗಲೆಲ್ಲ ಆಕೆ ನನಗೆ ಊಟ ಬಡಿಸಿದರು, ಬಸ್ಸಿನ ಹೊತ್ತು ನೆನಪಿಸಿದರು. ನನ್ನೊಡನೆ ಬೇರೆ ಮಾತಾಡಲಿಲ್ಲ, ಇಂದಿನವರೆಗೂ.

ನಾನು ಆ ಮ್ಯಾನೇಜರ ಕಂಪೆನಿಗೆ ಹೋದೆ. ಹೋಗಬಾರದಿತ್ತು ಅನ್ನುವವರು ಇದ್ದರು, ನಾನೂ ಅಂದುಕೊಂಡದ್ದುಂಟು. ಎರಡು ವರ್ಷ ಶಾಲೆಗೆ ರಜೆ ಹಾಕಿ ಘಟ್ಟದ ಮೇಲೆ ಊರೂರು ತಿರುಗಿದೆ. ಅಲ್ಲಿನ ಪೋಸ್ಟರುಗಳಲ್ಲಿ ನನ್ನ ಹೆಸರು ಮೊಳದುದ್ದದ ಅಕ್ಷರದಲ್ಲಿ ಇತ್ತು. ಅಂಬಿಗನ ಪದವನ್ನು ಅಲ್ಲಿ ಒಬ್ಬ ಗಟ್ಟಿ ದನಿಯ ನಟ ಹಾಡುತ್ತಿದ್ದ. ಅಳು ಬರಿಸಬೇಕೆಂದು ಗಂಟಲು ಬಿಗಿದು, ಒಡೆದ ಸ್ವರದ ಹಾಗೆ ನಟನೆ ಮಾಡುತ್ತಿದ್ದ. ನಾನು ಮೊದಲ ದಿನವೇ ಅದನ್ನು ನಿಲ್ಲಿಸಿದೆ. ಮ್ಯಾನೇಜರಿಗೆ ಸಿಟ್ಟು ಬಂತು. ಜನ ಅದನ್ನೇ ಕೇಳುತ್ತಾರೆ ಅಂದರು. ಜನ ಕೇಳುತ್ತಿದ್ದದ್ದು ನಿಜ.

ಎರಡು ವರ್ಷ ಮುಗಿಸಿ ಬಂದು ಪುತ್ತೂರಿನ ಮಾಳಿಗೆಯಲ್ಲಿ ಮತ್ತೆ ಅಭ್ಯಾಸ ಶುರು ಮಾಡಿದಾಗ ಅವನೂ ಒಂದು ಭಾನುವಾರ ಬಂದ. ಮೆಟ್ಟಿಲು ಹತ್ತಿದ್ದು ನಿಧಾನವಾಗಿ. ಕೊಳವೆಯಲ್ಲಿ ಉಸಿರಾಡುವ ಸದ್ದು ಅವನಿಗಿಂತ ಮೊದಲು ಮೇಲೆ ಬಂತು. ಕೈಯಲ್ಲಿ ಒಂದು ಸ್ಲೇಟು. ಹೊಸ ಗಾಯಕ, ಬ್ಯಾಂಕಿನಲ್ಲಿ ಕೆಲಸದ ತರುಣ, ಅಂಬಿಗನ ಪದವನ್ನು ನಾನು ಹಿಡಿದಿದ್ದ ಬಿಳಿ ಎರಡರಲ್ಲಿಯೇ ಹಾಡಿದ. ಅವನು ಗೋಡೆಗೆ ಒರಗಿ ಪೂರ್ತಿ ಕೇಳಿದ. ಮತ್ತೆ ಸ್ಲೇಟಿನಲ್ಲಿ ಬರೆದು ನನ್ನ ಮುಂದಿಟ್ಟ: 'ಇವನದು ಒಳ್ಳೆ ಆರೋಗ್ಯದ ಸ್ವರ. ಯಾಕೆ ಕೆಳಗೆ ಇಟ್ಟಿದ್ದೀರಿ? ಮೇಲೆ ಇಡಿ.'

ಮೇಲೆ ಇಟ್ಟೆ. ಮಟ್ಟನ್ನೂ ಬದಲಾಯಿಸಿದೆ, ಒಡೆಯುವ ಜಾಗಗಳನ್ನೆಲ್ಲ ತುಂಬಿದೆ. ಅವನು ಕೂತು, ಬೆರಳಿನಲ್ಲಿ ನೆಲಕ್ಕೆ ತಾಳ ಹಾಕಿ ಒಪ್ಪಿಗೆ ಕೊಟ್ಟ. ಆ ವರ್ಷ ನಾಟಕವನ್ನು ಎರಡೇ ಕಡೆ ಆಡಿದೆವು. ಜನ ಚಪ್ಪಾಳೆ ತಟ್ಟಿದರು, ಎದ್ದು ಮನೆಗೆ ಹೋದರು. ಯಾರೂ ಅಳಲಿಲ್ಲ. ಅವನು ಅದಾದ ಮೇಲೆ ಹದಿನಾಲ್ಕು ತಿಂಗಳು ಬದುಕಿದ್ದ. ಕಾಯಿಲೆ ಶ್ವಾಸಕೋಶಕ್ಕೆ ಇಳಿಯಿತು.

ನಾನು ಮಟ್ಟು ಹಾಕುವುದನ್ನು ಬಿಡಲಿಲ್ಲ. ಅದೊಂದೇ ನನಗೆ ಬರುತ್ತಿದ್ದದ್ದು. ಹತ್ತಾರು ನಾಟಕಗಳಾದವು, ಹೆಸರು ಬಂತು. ಆದರೆ ಹಾಡುವವರ ಎದುರು ಕೂತಾಗ ನಾನು ಹಾಡು ಕೇಳುವುದಕ್ಕಿಂತ ಗಂಟಲು ಕೇಳುವುದೇ ಹೆಚ್ಚಾಯಿತು. ಸುಳ್ಯದ ಒಂದು ಸಂಘದಲ್ಲಿ ಒಬ್ಬ ಎಳೆಯ ಮಾಸ್ಟ್ರ ಸ್ವರದಲ್ಲಿ ಒಂದು ದಿನ ಅಂತಹದೇ ಗಾಳಿ ಕೇಳಿದ ಹಾಗಾಯಿತು. ನಾಟಕಕ್ಕೆ ಎಂಟು ದಿನ ಉಳಿದಿತ್ತು. ಎಲ್ಲರ ಎದುರೇ ಹಾರ್ಮೋನಿಯಂ ಮುಚ್ಚಿ, "ನಾಳೆಯೇ ಮಂಗಳೂರಿಗೆ ಹೋಗಿ ತೋರಿಸಿ ಬನ್ನಿ. ತೋರಿಸದೆ ನಾನು ಶ್ರುತಿ ಕೊಡುವುದಿಲ್ಲ," ಅಂದೆ. ಅವರು ಹೆದರಿ ಬಿಳಿಚಿಕೊಂಡರು. ಹೋದರು. ಡಾಕ್ಟರು ನೋಡಿ ಏನೂ ಇಲ್ಲ, ಬರಿಯ ಶೀತ ಎಂದರಂತೆ. ಅವರ ಮನೆಯಲ್ಲಿ ಎರಡು ದಿನ ಒಲೆ ಉರಿದಿರಲಿಲ್ಲವಂತೆ. ಸಂಘದವರು ನನ್ನ ಮೇಲೆ ಸಿಟ್ಟಾದರು, ಆ ಮಾಸ್ಟ್ರು ನನ್ನ ನಾಟಕದಲ್ಲಿ ಮತ್ತೆ ಹಾಡಲಿಲ್ಲ. ನಾಟಕ ನಿಂತುಹೋಯಿತು. ಸಂಘದವರು ಮುಂಗಡ ಕೊಟ್ಟಿದ್ದ ವೀಳ್ಯದ ಹಣವನ್ನು ಹಿಂದಕ್ಕೆ ಕೊಟ್ಟು, ಹಾರ್ಮೋನಿಯಂ ಹೊತ್ತ ಕೂಲಿಯವನ ಹಿಂದೆ ನಾನು ಬಸ್ಸಿನ ಕಡೆಗೆ ನಡೆದೆ.